ಒತ್ತದೆ ಹೋಗುವ ಬಳೆ

ಸಂಗವ್ವ ಹುಬ್ಬಳ್ಳಿಯ ದುರ್ಗದಬೈಲಿನ ಬಳೆ ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಸುದ್ದಿ ಹೇಳಿದರು. ಮಗಳು ಸೌಮ್ಯಾ ಬಸಿರಿ, ನಾಲ್ಕನೆಯ ತಿಂಗಳು ನಡೆಯುತ್ತಿದೆ. ಏಳನೆಯ ತಿಂಗಳಲ್ಲಿ ಗೋಪನಕೊಪ್ಪದ ತವರುಮನೆಯಲ್ಲೇ ಕುಬಸ, ಅಂದರೆ ಸೀಮಂತ.

"ಹಸರು ಬಳಿ ನೀನ ಇಡಬೇಕು ಚಾಂದಬಿ. ಆಕಿ ತೊಟ್ಲದಾಗಿದ್ದಾಗ ಕರೀ ಬಳಿ ಇಟ್ಟಾಕಿ ನೀನ, ಮದುವ್ಯಾಗ ಇಟ್ಟಾಕಿನೂ ನೀನ. ನಿನ್ನ ಕೈಯಾಗ ನಮ್ಮ ಮನಿ ಬಳಿ ಒಂದೂ ಒಡದಿಲ್ಲ."

"ಆಗ್ಲಿರಿ ಅಕ್ಕಾರ. ಅದರಾಗ ಕೇಳೂದೇನೈತಿ?" ಎಂದಳು ಚಾಂದಬಿ. ಹೇಳುವಾಗ ಎರಡೂ ಕೈ ಸೆರಗಿನ ಕೆಳಗಿದ್ದವು. ಅಂದು ಬೆಳಿಗ್ಗೆ ಅವಳಿಗೆ ಹಲ್ಲುಜ್ಜುವ ಪೇಸ್ಟಿನ ಮುಚ್ಚಳ ತಿರುಗಿಸಲು ಆಗಿರಲಿಲ್ಲ.

ಸಂಗವ್ವ ಹತ್ತಿ ವ್ಯಾಪಾರಸ್ಥರ ಮನೆಯ ಹೆಂಗಸು. ಕಣ್ಣು ಸೂಕ್ಷ್ಮ. ಹೊರಟವರು ಮೆಟ್ಟಿಲ ಮೇಲೆ ನಿಂತು ಇನ್ನೊಂದು ಮಾತು ಹೇಳಿದರು. "ನಿನ್ನ ಕೈಗೆ ಏನೋ ಆಗೈತಂತ ಕೇಳೀನಿ. ಆಗಂಗಿಲ್ಲಂದ್ರ ಮೊದ್ಲ ಹೇಳಿಬಿಡವಾ, ಬ್ಯಾರೇದವರನ್ನ ನೋಡ್ತೀವಿ. ಹುಡುಗಿ ಎರಡು ಸಲ ಕಳಕೊಂಡಾಳ. ಕುಬಸದ ದಿನಾ ಬಳಿ ಒಡದ್ರ ನನ್ನ ಮನಸು ತಡ್ಯಂಗಿಲ್ಲ."

"ಏನೂ ಆಗಿಲ್ರಿ" ಎಂದಳು ಚಾಂದಬಿ.

ಇದು ಸುಳ್ಳು. ಮೂರು ವರ್ಷದಿಂದ ಅವಳು ಎಲ್ಲರಿಗೂ ಇದೇ ಸುಳ್ಳನ್ನು ಹೇಳುತ್ತ ಬಂದಿದ್ದಳು. ಮುಂದೆ ಬರೆಯುವುದರಲ್ಲಿ ಅರ್ಧ ಚಾಂದಬಿ ನನಗೆ ಹೇಳಿದ್ದು. ಉಳಿದ ಅರ್ಧ, ಅವಳು ಹೇಳಿದ್ದನ್ನು ಪಕ್ಕದಲ್ಲೇ ಕುಳಿತು ಸೊಸೆ ಫರಹತ ತಿದ್ದಿದ್ದು.

ಚಾಂದಬಿಗೆ ಈಗ ಐವತ್ತನಾಲ್ಕು. ಹತ್ತೊಂಬತ್ತನೆಯ ವಯಸ್ಸಿಗೆ ಮೌಲಾಲಿಯನ್ನು ಮದುವೆಯಾಗಿ ಬಂದ ಮರುವಾರವೇ ಅತ್ತೆ ಅವಳನ್ನು ಅಂಗಡಿಯಲ್ಲಿ ಕೂರಿಸಿದಳು. ಗಾಜಿನ ಬಳೆ ಮಾರುವುದು ಸುಲಭ, ಇಡುವುದು ಕಷ್ಟ. ಬಳೆಯ ಅಳತೆ ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಎಂದು ಏರುತ್ತದೆ. ಸಲೀಸಾಗಿ ಹೋಗುವ ಬಳೆ ಸಲೀಸಾಗಿ ಜಾರಿಬೀಳುತ್ತದೆ. ಹೋಗುವುದೇ ಇಲ್ಲ ಅನ್ನಿಸುವ ಬಳೆಯೇ ಸರಿಯಾದ ಅಳತೆಯದು. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಬೇಕು, ನಾಲ್ಕು ಬೆರಳ ಬುಡದ ಗಂಟುಗಳನ್ನು ಒಂದು ಕೈಯಿಂದ ಒತ್ತಿ ಹಿಡಿಯಬೇಕು, ಇನ್ನೊಂದರಿಂದ ಬಳೆ ದಾಟಿಸಬೇಕು. ಇಡಿಸಿಕೊಳ್ಳುವವರಿಗೆ ನೋಯುತ್ತದೆ. ಆಗ ಇಡುವವಳು ಹೇಳಬೇಕಾದ ಮಾತೊಂದಿದೆ: "ಆತು, ಆತು, ನೋಯಂಗಿಲ್ಲ, ಮುಗೀತು." ಅತ್ತೆ ಕಲಿಸಿದ ಈ ಮಾತನ್ನು ಚಾಂದಬಿ ಮೂವತ್ತೈದು ವರ್ಷದಲ್ಲಿ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ.

ಕಾಯಿಲೆ ಶುರುವಾದದ್ದು ಒಂದು ಮದುವೆ ಹಂಗಾಮಿನಲ್ಲಿ. ಒಬ್ಬಳೇ ಹುಡುಗಿಯ ಕೈಯಲ್ಲಿ ನಾಲ್ಕು ಬಳೆ ಒಡೆದವು. ಮಾಲು ಸರಿಯಿಲ್ಲ ಎಂದು ಮೌಲಾಲಿ ಸಗಟು ವ್ಯಾಪಾರಿಯ ಹತ್ತಿರ ಜಗಳ ಮಾಡಿ ಬಂದ. ಹೊಸ ಮಾಲೂ ಒಡೆಯಿತು. ಬೆಳಿಗ್ಗೆ ಎದ್ದರೆ ಬೆರಳುಗಳು ಒಂದು ತಾಸು, ಒಂದೂವರೆ ತಾಸು ಮಡಚುತ್ತಿರಲಿಲ್ಲ. ಎರಡೂ ಕೈಗೆ, ಎರಡೂ ಕಡೆ ಅದೇ ಬೆರಳುಗಳ ಬುಡಕ್ಕೆ, ಬಾವು.

ಆಗ ಚಾಂದಬಿ ಮಾಡಿದ ತಪ್ಪನ್ನು ಬಳೆ ಇಡುವವರು ಮಾತ್ರ ಮಾಡಬಲ್ಲರು. ಅವಳ ಅನುಭವದಲ್ಲಿ ಬಿಗಿಯಾದ ಕೈ ಎಂಬುದು ಒತ್ತಿದರೆ ಮೆತ್ತಗಾಗುವ ವಸ್ತು. ಸಾವಿರಾರು ಕೈಗಳು ಹಾಗೆ ಮೆತ್ತಗಾಗಿದ್ದವು, ತನ್ನದೂ ಆಗಲೇಬೇಕು. ದಿನಾ ಮುಂಜಾನೆ ಸೋಪಿನ ನೀರಿನಲ್ಲಿ ಕೈ ಅದ್ದಿ, ಫರಹತಳನ್ನು ಎದುರಿಗೆ ಕೂರಿಸಿಕೊಂಡು ಗಂಟುಗಳನ್ನು ಒತ್ತಿಸಿಕೊಳ್ಳುತ್ತಿದ್ದಳು.

"ಅಮ್ಮಿ, ಕಣ್ಣಾಗ ನೀರು ಬರಾಕತ್ತಾವು. ನೋಯ್ತೈತೇನ್ರಿ?"

"ಇಲ್ಲ. ಆತು, ಆತು. ಇನ್ನಷ್ಟು ಒತ್ತು."

ಎರಡು ತಿಂಗಳು ಹೀಗೆ ನಡೆಯಿತು. ಬಾವು ಮಣಿಕಟ್ಟಿಗೂ ಏರಿತು. ಅವಳ ಕೈಯ ಬಳೆಗಳೇ ಬಿಗಿಯಾಗಿ, ಒಂದೊಂದನ್ನೇ ಬಿಡಿಸಿ ತೆಗೆಯಬೇಕಾಯಿತು. ಬಳೆ ಅಂಗಡಿಯಲ್ಲಿ ಬರಿಗೈಯಲ್ಲಿ ಕುಳಿತವಳನ್ನು ನೋಡಿ ಹಳೆಯ ಗಿರಾಕಿಯೊಬ್ಬಳು ಗಾಬರಿಯಾದಳು. ಬರಿಗೈ ಎಂದರೆ ಈ ಊರಿನಲ್ಲಿ ಒಂದೇ ಅರ್ಥ.

"ಅಯ್ಯ ಚಾಂದಬಿ! ಯಾವಾಗವಾ? ನಮಗ ಗೊತ್ತ ಆಗಲಿಲ್ಲಲ್ಲ!"

ಹಿಂದಿನ ಸಾಲಿನ ಡಬ್ಬಿಗಳ ಮರೆಯಿಂದ ಮೌಲಾಲಿ ತಲೆ ಎತ್ತಿದ. "ನಾ ಇನ್ನೂ ಇಲ್ಲೇ ಅದೀನ್ರಿ ಬಾಯಾರ. ಆಕಿ ಕೈಗೆ ಆರಾಮಿಲ್ಲ ಅಷ್ಟ."

ಆ ದಿನ ಎಲ್ಲರೂ ನಕ್ಕರು. ಮರುದಿನ ಮೌಲಾಲಿ ಅಂಗಡಿ ಮುಚ್ಚಿ, ಹೆಂಡತಿಯನ್ನು ಸತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ರಕ್ತ ಪರೀಕ್ಷೆಯಾಯಿತು. ಡಾಕ್ಟರಮ್ಮ ಕಾಯಿಲೆಗೆ ರುಮಟಾಯ್ಡ್ ಸಂಧಿವಾತ ಎಂದು ಹೆಸರು ಹೇಳಿದರು. ವಯಸ್ಸಿಗೆ ಕೀಲು ಸವೆದು ಬರುವ ನೋವು ಬೇರೆ, ಇದು ಬೇರೆ. ರೋಗ ತಡೆಯಬೇಕಾದ ಶಕ್ತಿಯೇ ತಪ್ಪು ತಿಳಿದು ಸ್ವಂತ ಕೀಲುಗಳನ್ನು ಕೆಡಿಸುತ್ತದೆ. ಬಿಟ್ಟರೆ ಬೆರಳು ಸೊಟ್ಟಗಾಗುತ್ತವೆ. ಬಳೆ ಇಟ್ಟಿದ್ದರಿಂದ ಬಂದ ಕಾಯಿಲೆಯಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದಾಗ ಮೌಲಾಲಿ ಉಸಿರು ಬಿಟ್ಟ. "ಆದರ ಬಾತ ಕೀಲು ಒತ್ತಿಸಿಕೊಂಡು ನೀವ ಹೆಚ್ಚು ಮಾಡಿಕೊಂಡೀರಿ" ಎಂದೂ ಹೇಳಿದರು. ವಾರಕ್ಕೊಮ್ಮೆ ನುಂಗುವ ಗುಳಿಗೆ ಬರೆದುಕೊಟ್ಟರು. ಚಾಂದಬಿ ಅದಕ್ಕೆ ಶುಕ್ರವಾರ ಎಂದು ಗೊತ್ತುಮಾಡಿಕೊಂಡಳು.

ಗುಳಿಗೆಯ ಜೊತೆಗೆ ಮಾಡಬೇಕಾದದ್ದನ್ನು ಕಲಿಸಿದವಳು ಅಲ್ಲಿನ ವ್ಯಾಯಾಮ ಚಿಕಿತ್ಸೆಯ ಹುಡುಗಿ, ಫಿರದೋಸ. ಬೆಳಿಗ್ಗೆ ಹತ್ತು ನಿಮಿಷ ಬಿಸಿನೀರಿನಲ್ಲಿ ಕೈ. ಆಮೇಲೆ ಬೆರಳು ಒಂದೊಂದಾಗಿ ಬಿಚ್ಚುವುದು, ಮಡಚುವುದು, ಅವಸರವಿಲ್ಲದೆ. ವಾರಕ್ಕೆರಡು ಸಲ ಬೆಚ್ಚಗೆ ಕರಗಿಸಿದ ಮೇಣದಲ್ಲಿ ಕೈ ಅದ್ದಿ ತೆಗೆಯುವುದು. ನೋವು ಏರಿದಾಗ ಹಲ್ಲು ಕಚ್ಚದೆ ದೀರ್ಘವಾಗಿ ಉಸಿರು ಬಿಡುವುದು. ಮಧ್ಯಾಹ್ನ ಅರ್ಧ ತಾಸು ಮಲಗುವುದು. ತಂಬಿಗೆಯನ್ನು ಬೆರಳಿನಿಂದಲ್ಲ, ಎರಡೂ ಅಂಗೈಯಿಂದ ಎತ್ತುವುದು. ನಮಾಜಿಗೆ ಕುರ್ಚಿ. ಎಳ್ಳೆಣ್ಣೆ ಬೇಕಿದ್ದರೆ ಹಚ್ಚಬಹುದು, ಸವರಬೇಕು, ತಿಕ್ಕಬಾರದು. ಇವುಗಳಲ್ಲಿ ಯಾವುದೂ ಕಾಯಿಲೆಯನ್ನು ಓಡಿಸುವುದಿಲ್ಲ. ಕಾಯಿಲೆ ಇರುವ ದಿನವನ್ನು ಬದುಕಲು ಬರುವಂತೆ ಮಾಡುತ್ತವೆ. ಅದು ಸಣ್ಣ ಉಪಕಾರವಲ್ಲ.

ಫಿರದೋಸ ಒಂದು ಹಾಳೆಯನ್ನೂ ಕೊಟ್ಟಳು. ಅದರಲ್ಲಿ ನಗುವ ಮುಖದಿಂದ ಅಳುವ ಮುಖದವರೆಗೆ ಆರು ಚಿತ್ರ. ದಿನಕ್ಕೊಮ್ಮೆ ನೋವಿಗೆ ತಕ್ಕ ಮುಖದ ಕೆಳಗೆ ಗೆರೆ ಎಳೆಯಬೇಕು. ತಿಂಗಳ ಕೊನೆಗೆ ನೋಡಿದರೆ ಮೂವತ್ತು ಗೆರೆಯೂ ನಗುವ ಮುಖದ ಕೆಳಗೇ ಇದ್ದವು.

"ಚಾಚಿ, ಒಂದು ದಿನಾನೂ ನೋಯಲಿಲ್ಲೇನ್ರಿ?"

"ಆ ಕಡೀ ಮಾರಿ ನಮ್ಮ ಮಾವಂದು ಇದ್ದಂಗ ಐತವಾ. ಅದರ ಕೆಳಗ ಹ್ಯಾಂಗ ಗೆರಿ ಎಳೀಲಿ?"

"ಖರೇ ಹೇಳ್ರಿ."

"ಏನಿಲ್ಲ, ಆರಾಮ ಅದೀನಿ. ಆತು, ಹೋಗೇಬಿಟ್ಟೈತಿ."

ಫಿರದೋಸ ಪೆನ್ನು ಕೆಳಗಿಟ್ಟಳು. "ನಾ ನಿಮ್ಮ ಗಿರಾಕಿ ಅಲ್ರಿ ಚಾಚಿ. ನನಗ್ಯಾಕ ಆತು ಆತು ಅಂತೀರಿ?"

ಈ ಮಾತು ಚಾಂದಬಿಗೆ ನಾಟಿತು. ಮರುದಿನದಿಂದ ಹಾಳೆಯನ್ನು ಬಿಟ್ಟು ತನಗೆ ಗೊತ್ತಿದ್ದ ದಾರಿ ಹಿಡಿದಳು. ಬಳೆ ಅಂಗಡಿಯಲ್ಲಿ ಜೊತೆ ತಪ್ಪಿದ ಬಳೆಗಳು ಯಾವಾಗಲೂ ಇರುತ್ತವೆ. ದಿನಾ ಮುಂಜಾನೆ ಕೈಯನ್ನು ಒಂದಿಷ್ಟೂ ಒತ್ತದೆ, ಬಲಗೈಗೆ ಹೋಗುವ ಎಲ್ಲಕ್ಕಿಂತ ಸಣ್ಣ ಅಳತೆಯ ಬಳೆ ಯಾವುದೋ ನೋಡಬೇಕು. ಆ ಬಳೆಯನ್ನು ದಾರಕ್ಕೆ ಪೋಣಿಸಬೇಕು. ತಿಂಗಳಿಗೊಂದು ದಾರ, ಗೋಡೆಯ ಮೊಳೆಗೆ. ಬಾಯಿ ಏನೇ ಹೇಳಲಿ, ಎರಡು-ಎಂಟಕ್ಕೆ ಹೋಗುವ ಕೈ ಎರಡು-ನಾಲ್ಕಕ್ಕೆ ಹೋಗುವುದಿಲ್ಲ. ಮೊದಲ ದಾರದಲ್ಲಿ ಎರಡು-ಹತ್ತರ ಬಳೆಗಳೂ ಇದ್ದವು. ಆರನೆಯ ದಾರದ ಹೊತ್ತಿಗೆ ಬಹಳಷ್ಟು ಎರಡು-ಆರೇ ಆಗಿದ್ದವು.

ಎರಡು ವರ್ಷ ಹೆಚ್ಚುಕಡಿಮೆ ಹೀಗೇ ಚೆನ್ನಾಗಿ ನಡೆಯಿತು. ಚೆನ್ನಾಗಿ ನಡೆದದ್ದೇ ತೊಂದರೆಯಾಯಿತು. ನಮ್ಮ ಊರಿನಲ್ಲಿ ಎರಡು ಬಗೆಯ ಜನರಿದ್ದಾರೆ. ಗುಳಿಗೆ ಕೊಡದಿದ್ದರೆ ವೈದ್ಯನೇ ಅಲ್ಲ ಎನ್ನುವವರು ಕೆಲವರು, ಗುಳಿಗೆ ಎಂದರೆ ವಿಷ ಎನ್ನುವವರು ಕೆಲವರು. ಎರಡನೆಯ ಗುಂಪಿನ ನೆಂಟಳೊಬ್ಬಳು ಒಂದು ಬಾಟಲಿ ಎಣ್ಣೆ ತಂದುಕೊಟ್ಟಳು. ಹಚ್ಚಿದ ಕೂಡಲೇ ಕೈ ಬೆಚ್ಚಗೆ, ಹಿತ. ಗುಳಿಗೆ ನುಂಗಿದ ಮರುದಿನವಾದರೋ ಹೊಟ್ಟೆ ತೊಳೆಸುತ್ತಿತ್ತು. ಚಾಂದಬಿ ಯಾರಿಗೂ ಹೇಳದೆ ಗುಳಿಗೆ ಬಿಟ್ಟಳು, ಆಸ್ಪತ್ರೆಯನ್ನೂ ಬಿಟ್ಟಳು. ದಾರಕ್ಕೆ ಬಳೆ ಪೋಣಿಸುವುದನ್ನು ಮಾತ್ರ ಅಭ್ಯಾಸಬಲದಿಂದ ಬಿಡಲಿಲ್ಲ. ನಾಲ್ಕು ತಿಂಗಳಾಗಿತ್ತು. ಸಂಗವ್ವ ಅಂಗಡಿಗೆ ಬಂದದ್ದು ಆಗ.

ಸಂಗವ್ವ ಮೆಟ್ಟಿಲು ಇಳಿದ ಮೇಲೆ ಫರಹತ ಗೋಡೆಯ ಮೊಳೆಯಿಂದ ಕೊನೆಯ ಐದು ದಾರಗಳನ್ನು ತೆಗೆದು, ಚಾಪೆಯ ಮೇಲೆ ಒಂದರ ಪಕ್ಕ ಒಂದು ಇಟ್ಟಳು.

"ನೋಡ್ರಿ ಅಮ್ಮಿ. ಇಲ್ಲೀತನಕ ಸಣ್ಣ ಬಳಿ. ಇಲ್ಲಿಂದ ದೊಡ್ಡು ಆಗಕೋತ ಹೊಂಟಾವು. ಇಲ್ಲಿ ಏನಾತು?"

"ಎಣ್ಣಿ ಛಲೋ ಐತಿ" ಎಂದಳು ಚಾಂದಬಿ.

"ಎಣ್ಣಿ ಛಲೋನ ಐತ್ರಿ. ನಾ ಎಣ್ಣಿ ಕೇಳಲಿಲ್ಲ."

ಮರುದಿನ ಇಬ್ಬರೂ ಐದು ದಾರಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಸತ್ತೂರಿಗೆ ಹೋದರು. ಚೀಲದ ಸದ್ದು ಕೇಳಿ ನರ್ಸು "ಅಂಗಡಿನ ಹೊತ್ತು ತಂದೀರೇನ್ರಿ?" ಎಂದಳು. ಡಾಕ್ಟರಮ್ಮ ನಗಲಿಲ್ಲ. ಮೊದಲು ಅವರಿಗೆ ಅರ್ಥವಾಗಲಿಲ್ಲ, ಫಿರದೋಸ ಬಂದು ವಿವರಿಸಿದಳು. ಆಮೇಲೆ ಅವರು ಒಂದೊಂದೇ ಬಳೆ ಸರಿಸುತ್ತ ಹೋಗಿ, ಎರಡನೆಯ ದಾರದ ನಡುವೆ ಬೆರಳಿಟ್ಟರು.

"ಇದಕ್ಕ ಮೂರ್ನಾಲ್ಕು ವಾರ ಮೊದ್ಲ ಗುಳಿಗಿ ಬಿಟ್ಟೀರಿ. ಹೌದಿಲ್ಲೋ?"

ಇಲ್ಲ ಎನ್ನಲು ಚಾಂದಬಿ ಬಾಯಿ ತೆರೆದಳು. ದಾರ ಡಾಕ್ಟರಮ್ಮನ ಕೈಯಲ್ಲಿತ್ತು. "ಹೌದ್ರಿ" ಎಂದಳು.

"ಎಣ್ಣಿ ಬಿಡಬ್ಯಾಡ್ರಿ, ಹಿತಾ ಅನಸ್ತದ ಅಂದ್ರ ಹಚ್ಚಿಕೋರಿ. ಗುಳಿಗಿನೂ ಬಿಡಬ್ಯಾಡ್ರಿ. ಹೊಟ್ಟಿ ತೊಳಸಿದ್ರ ಬಂದು ನನಗ ಹೇಳ್ರಿ, ಎಣ್ಣಿ ಬಾಟ್ಲಿಗೆ ಹೇಳಬ್ಯಾಡ್ರಿ. ಅದಕ್ಕೂ ಉಪಾಯ ಅದ."

"ಮೂರು ತಿಂಗಳದಾಗ ಕೈ ಆರಾಮ ಆಕ್ಕಾವೇನ್ರಿ? ಒಂದು ಕುಬಸ ಐತಿ. ಬಳಿ ಇಡಬೇಕು."

"ಗುಳಿಗಿ ಮತ್ತ ಕೆಲಸಾ ಶುರು ಮಾಡಾಕ ಆರೆಂಟು ವಾರ ಬೇಕು. ಮುಂದಿಂದು ನಾ ಮಾತು ಕೊಡಂಗಿಲ್ಲ."

ಮಾತು ಕೊಡದ ವೈದ್ಯರನ್ನು ನಾನು ನಂಬುತ್ತೇನೆ. ಚಾಂದಬಿಗೆ ಅಂದು ಹಾಗನ್ನಿಸಲಿಲ್ಲ.

ಆದರೆ ಶುಕ್ರವಾರದ ಗುಳಿಗೆ ಮತ್ತೆ ತಪ್ಪಲಿಲ್ಲ. ಬಿಸಿನೀರು ತಪ್ಪಲಿಲ್ಲ. ಗುರುವಾರಕ್ಕೊಮ್ಮೆ ಫರಹತಳ ಕೈಗೆ ಬಳೆ ಇಟ್ಟು ನೋಡುತ್ತಿದ್ದಳು. ಮೊದಲ ಗುರುವಾರ ಆರರಲ್ಲಿ ಮೂರು ಒಡೆದವು. ಏಳನೆಯ ಗುರುವಾರ ಒಂದು. ದಾರದಲ್ಲಿ ಎರಡು-ಎಂಟುಗಳ ನಡುವೆ ಎರಡು-ಆರು ಕಾಣಿಸಿಕೊಳ್ಳತೊಡಗಿತು. ಕುಬಸಕ್ಕೆ ಎಂಟು ದಿನ ಇದ್ದಾಗ ಕಾರಣವೇ ಇಲ್ಲದೆ ಮತ್ತೆ ಮೂರು ದಿನ ಎರಡು-ಎಂಟು.

"ಸಂಗವ್ವಾರಿಗೆ ಹೇಳಿಬಿಡು" ಎಂದ ಮೌಲಾಲಿ. "ಫರಹತ ಇಡ್ತಾಳ. ಅದರಾಗ ಮಾನ ಹೋಗೂದೇನೈತಿ?"

"ನಿಮಗೇನ್ರಿ, ಡಬ್ಬಿ ಎಣಿಸ್ಕೋತ ಕೂಡ್ರೂವರು. ನಾ ಬರ್ತೀನಿ ಅಂದೀನಿ, ಹೋಗ್ತೀನಿ."

ಕುಬಸದ ದಿನ ಗೋಪನಕೊಪ್ಪದ ಆ ಮನೆಯ ಪಡಸಾಲೆ ತುಂಬಿತ್ತು. ಬಳೆಯ ಚೀಲ ಹೊತ್ತು ಫರಹತಳೂ ಬಂದಿದ್ದಳು. ಸೌಮ್ಯಾ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕುಳಿತಿದ್ದಳು. ಚಾಂದಬಿ ಎದುರಿಗೆ ಕುಳಿತು ಅವಳ ಬಲಗೈ ಹಿಡಿದುಕೊಂಡಳು, ಹಿಡಿದ ಕೂಡಲೇ ತಿಳಿಯಿತು. ಬಸಿರಿನ ಬಾವು. ಮದುವೆಯಲ್ಲಿ ಎರಡು-ನಾಲ್ಕು ಇಟ್ಟ ಕೈ ಈಗ ಎರಡು-ಆರಕ್ಕೂ ಬಿಗಿ. ಎರಡು-ಎಂಟು ಇಟ್ಟರೆ ಹಡೆದ ಮೇಲೆ ಬಾವು ಇಳಿದು ಬಳೆ ಜಾರುತ್ತವೆ. ಎರಡು-ಆರನ್ನೇ ಇಡಬೇಕು. ಹಿಂದಿನ ಚಾಂದಬಿ ಗಂಟುಗಳನ್ನು ಬಲವಾಗಿ ಒತ್ತಿ ಕಣ್ಣು ಮುಚ್ಚಿ ತೆರೆಯುವುದರಲ್ಲಿ ದಾಟಿಸಿಬಿಡುತ್ತಿದ್ದಳು. ಈಗ ಒತ್ತಲು ಅವಳ ಕೈಯಲ್ಲಿ ಬಲವಿಲ್ಲ. ಎದುರಿಗೆ ಬಾತ ಕೈ, ಮಡಿಲಲ್ಲಿ ತನ್ನದೇ ಬಾತ ಕೈ. ಒಂದು ಗಳಿಗೆ ಎರಡನ್ನೂ ನೋಡಿದಳು.

"ಅಕ್ಕಾರ, ಒಂದು ಬೋಗಾಣ್ಯಾಗ ಬಿಸಿನೀರು ತರಸ್ರಿ. ಕೈ ತಡೀಬೇಕು, ಅಷ್ಟ ಬಿಸಿ."

ನೀರು ಬಂತು. ಸೌಮ್ಯಾಳ ಎರಡೂ ಕೈಗಳನ್ನು ಚಾಂದಬಿ ಅದರಲ್ಲಿ ಇಡಿಸಿದಳು. ತನ್ನವನ್ನೂ ಅದರಲ್ಲೇ ಇಟ್ಟಳು. ಐದು ನಿಮಿಷ ಕಳೆಯಿತು. ಸಂಗವ್ವನ ನಾದಿನಿಗೆ ತಡೆಯಲಿಲ್ಲ.

"ಬಳಿ ಇಡಾಕ ಬಂದಾಳೋ, ಕೈ ಕುದಸಾಕ ಬಂದಾಳೋ?"

ಹೆಂಗಸರು ನಕ್ಕರು. ಸಂಗವ್ವ ನಗಲಿಲ್ಲ. ಅವರ ಕಣ್ಣು ಚಾಂದಬಿಯ ಬೆರಳುಗಳ ಮೇಲಿತ್ತು.

"ಕುದ್ದ ಮ್ಯಾಲ ನಿಮಗೂ ಒಂದು ಡಜನ್ ಇಡ್ತೀನ್ರಿ ಬಾಯಾರ" ಎಂದಳು ಚಾಂದಬಿ. ಹತ್ತು ನಿಮಿಷವಾದ ಮೇಲೆ ಸೌಮ್ಯಾಳ ಕೈಗಳನ್ನು ಒರೆಸಿ, ಹೆಗಲಿಗಿಂತ ಮೇಲೆ ಎತ್ತಿ ಹಿಡಿಯಲು ಹೇಳಿದಳು. ಬೆರಳು ಬಿಚ್ಚಿಸಿದಳು, ಮಡಚಿಸಿದಳು. ಉಸಿರು ದೀರ್ಘವಾಗಿ ಬಿಡು ಎಂದಳು. ಸತ್ತೂರಿನಲ್ಲಿ ಕಲಿತದ್ದೆಲ್ಲವನ್ನೂ ಕ್ರಮವಾಗಿ ಮಾಡಿಸಿದಳು. ಆಮೇಲೆ ಕೊಬ್ಬರಿ ಎಣ್ಣೆ ಸವರಿ, ಮೊದಲ ಬಳೆಯನ್ನು ಬೆರಳಿನಿಂದ ತಳ್ಳದೆ ಅಂಗೈಯಿಂದ ತಿರುಗಿಸುತ್ತ ಒಳಕ್ಕೆ ತಂದಳು. ಗಂಟಿನ ಹತ್ತಿರ ನಿಂತಿತು. ಒತ್ತಲಿಲ್ಲ. ಸೌಮ್ಯಾ ಉಸಿರು ಬಿಟ್ಟಾಗ ಇನ್ನೊಂದು ಸುತ್ತು ತಿರುಗಿಸಿದಳು. ಬಳೆ ದಾಟಿತು.

ಬಲಗೈಗೆ ಹನ್ನೊಂದು ಬಳೆ ಆಗುವ ಹೊತ್ತಿಗೆ ಅರ್ಧ ತಾಸು. ಒಂದೂ ಒಡೆಯಲಿಲ್ಲ. ಎಡಗೈಯ ಹತ್ತರಲ್ಲಿ ಮೂರು ಆದವು. ನಾಲ್ಕನೆಯದನ್ನು ಹಿಡಿದಾಗ ಅವಳ ಹೆಬ್ಬೆರಳ ಬುಡ ಸುಡತೊಡಗಿತ್ತು, ಬಳೆ ಸಣ್ಣಗೆ ನಡುಗುತ್ತಿತ್ತು. ಅದು ಕಂಡದ್ದು ಸೌಮ್ಯಾಳಿಗೆ ಮಾತ್ರ.

"ಚಾಚಿ, ನಿಮಗ ನೋಯಾಕತ್ತೈತೇನು?"

ಬಾಯಿಗೆ ಬಂದದ್ದು ಹಳೆಯ ಮಾತೇ. ಚಾಂದಬಿ ಬಳೆಯನ್ನು ತಟ್ಟೆಯಲ್ಲಿಟ್ಟಳು.

"ಹೌದವಾ. ನೋಯಾಕತ್ತೈತಿ."

ಅವಳು ಸಂಗವ್ವನ ಕಡೆ ತಿರುಗಿದಳು. "ಅಕ್ಕಾರ, ಅವತ್ತ ನಾ ಸುಳ್ಳ ಹೇಳಿದ್ದೆ. ಮೂರು ವರ್ಷ ಆತು, ಸಂಧಿವಾತ ಐತಿ. ಇನ್ನ ನಾ ಇಟ್ರ ಬಳಿ ಒಡೀತಾವು. ಉಳದಿದ್ದು ಏಳು. ಫರಹತ ಇಡ್ತಾಳ. ನೀವು ಹೂಂ ಅನ್ರಿ, ಇಲ್ಲಂದ್ರ ನಾ ಅರ್ಧ ತಾಸು ಬಿಟ್ಟು ಮತ್ತ ಇಡ್ತೀನಿ."

ಸಂಗವ್ವ ತಟ್ಟೆಯನ್ನು ನೋಡಿದರು, ಮಗಳ ಕೈಯನ್ನು ನೋಡಿದರು. ಹದಿನಾಲ್ಕು ಹಸಿರು ಬಳೆ, ಇಡಿಯಾಗಿ.

"ಮೊದ್ಲ ಹೇಳಿದ್ರ ನಿನ್ನ ಕೈಗೂ ಬ್ಯಾರೇ ಬೋಗಾಣಿ ಇಡ್ತಿದ್ದೆ" ಎಂದರು. "ಫರಹತ, ಬಾರವಾ, ಕೂಡ್ರು."

ಫರಹತ ಕುಳಿತು, ಹುಡುಗಿಯರ ಅವಸರದಲ್ಲಿ ಗಂಟು ಒತ್ತಲು ಹೋದಳು. ಚಾಂದಬಿ ಅವಳ ಮೊಣಕೈ ತಟ್ಟಿದಳು. "ಒತ್ತಬ್ಯಾಡ. ತಿರುಗಸು." ಏಳೂ ಹೋದವು. ಒಂದೂ ಒಡೆಯಲಿಲ್ಲ. ಉಡಿ ತುಂಬುವಾಗ ಸಂಗವ್ವ ಅತ್ತೆ ಸೊಸೆ ಇಬ್ಬರಿಗೂ ಕಾಯಿ, ಖಣ ಕೊಟ್ಟರು. ಚಾಂದಬಿ ಕಾಯಿಯನ್ನು ಎರಡೂ ಅಂಗೈಯಿಂದ ಹಿಡಿದುಕೊಂಡಳು. ನಾದಿನಿ ತನ್ನ ಡಜನ್ ಕೇಳಿದಳು. ಫರಹತ ಇಟ್ಟಳು, ಕೈ ಕುದಿಸಿಯೇ.

ಮರುದಿನ ಚಾಂದಬಿಯ ದಾರ ಸೇರಿದ ಬಳೆ ಎರಡು-ಎಂಟು. ಅದರ ಮರುದಿನವೂ ಎರಡು-ಎಂಟು. ಆಮೇಲೆ ಎರಡು-ಆರಕ್ಕೆ ಇಳಿದು ಬಹುತೇಕ ಅಲ್ಲೇ ನಿಂತಿದೆ. ಕಾಯಿಲೆಗೆ ಮೊದಲಿನ ಎರಡು-ನಾಲ್ಕು ಇನ್ನು ಬರಲಿಕ್ಕಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಚಾಂದಬಿ ಅದನ್ನು ಕೇಳಿ ಅಳಲಿಲ್ಲ, ತನ್ನ ಕೈಗೆ ಎರಡು-ಆರರ ಅರ್ಧ ಡಜನ್ ಕೆಂಪು ಬಳೆ ಇಟ್ಟುಕೊಂಡಳು. ಅಂಗಡಿಯಲ್ಲಿ ಈಗ ಒಂದು ಬೋಗಾಣಿ ಇದೆ. ದಿನಕ್ಕೆ ನಾಲ್ಕೈದು ಕೈ ಮಾತ್ರ ಅವಳವು, ಉಳಿದವು ಫರಹತಳವು. ಕಾಯಲಾರದ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಾರೆ. ಕೆಲವರು ಕೈ ನೋಯಿಸಿಕೊಂಡು ತಿರುಗಿ ಬರುತ್ತಾರೆ.

ಸೌಮ್ಯಾ ಹೆಣ್ಣು ಹಡೆದಳು. ಕೂಸಿಗೆ ಕರೀ ಬಳೆ ಇಡಲು ಸಂಗವ್ವ ಹೇಳಿಕಳಿಸಿದಾಗ, ಇಬ್ಬರಲ್ಲಿ ಯಾರು ಬರಬೇಕೆಂದು ಹೇಳಲಿಲ್ಲ. ಫರಹತ ಚೀಲ ತೆಗೆದುಕೊಂಡಳು.

"ಅದನ್ನ ಇಲ್ಲಿ ಕೊಡು" ಎಂದಳು ಚಾಂದಬಿ. "ಕೂಸಿನ ಕೈ ಒತ್ತೂದು ಬೇಕಾಗಂಗಿಲ್ಲ. ಅದನ್ನ ನಾ ಇಡ್ತೀನಿ."